ಪ್ರಾಂಶುಪಾಲರ ಮುಂದೆ ಅಮ್ಮ ಮತ್ತು ನಾನು

“ಮಾರ್ಕ್ಸ್ ಕಡಿಮೆ ಇರೋರು ಪೇರೆಂಟ್ಸ್‌ನ ಕರ್ಕೊಂಡ್ ಬರ್ಬೇಕು, ರೂಲ್ಸು ಮೇಡಂ,” ಎಂದರು ಪೀಣ್ಯದ ಸಂಜೆ ಕಾಲೇಜಿನ ಪ್ರಾಂಶುಪಾಲರು. ಬಿಸಿಎಗೆ ಅರ್ಜಿ ಹಾಕಿದ್ದ ನನಗೆ ನಲವತ್ತೊಂದು ವರ್ಷ. ಅವರಿಗೆ ಅಷ್ಟೂ ಆಗಿರಲಿಕ್ಕಿಲ್ಲ. ಮರುದಿನ ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ, ಲಗ್ಗೆರೆಯಿಂದ ಅಮ್ಮನನ್ನು ಆಟೊದಲ್ಲಿ ಕರೆತಂದೆ.

ನನ್ನ ಅಂಕಪಟ್ಟಿಗಳನ್ನು ಮುಂದಿಟ್ಟುಕೊಂಡು ಅವರು ಅಮ್ಮನನ್ನೇ ಕೇಳಿದರು: ಮೊದಲ ಪಿಯುಸಿ ಗಣಿತದಲ್ಲಿ ತೊಂಬತ್ತು, ಎರಡನೇ ಪಿಯುಸಿಯಲ್ಲಿ ಮೂವತ್ತೆಂಟು, ಹೀಗೇಕೆ?

“ಪರೀಕ್ಷೆ ವಾರದಲ್ಲೇ ಮದ್ವೆ ಮಾಡ್ಬಿಟ್ಟೆ ಸಾರ್. ಒಳ್ಳೆ ಸಂಬಂಧ ಬಂದಿತ್ತು.” ಅಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. “ಈಗ್ಲೂ ಅಷ್ಟೇ, ಪುಸ್ತಕ ಮುಟ್ಟಲ್ಲ. ಯಾವಾಗ್ ನೋಡಿದ್ರೂ ಮೊಬೈಲು. ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ.”

ಅವರು ನಿಜಕ್ಕೂ ಬುದ್ಧಿ ಹೇಳಿದರು. ಎರಡು ಮಕ್ಕಳ ತಾಯಿಯಾದ ನಾನು ಕೈಕಟ್ಟಿ ನಿಂತು “ಸರಿ ಸಾರ್” ಎಂದೆ. ಮಗಳ ಓದಿಗೆ ತಾನೇ ಜವಾಬ್ದಾರಿ ಎಂದು ಅಮ್ಮ ಹೆಬ್ಬೆಟ್ಟು ಒತ್ತಿದಳು. ಸೀಟು ಸಿಕ್ಕಿತು.

ಮೊನ್ನೆ ನೆಂಟರು ಮದುವೆಗೆ ಕರೆಯಲು ಮನೆಗೆ ಬಂದಿದ್ದರು. ಅವರು ದಿನ ಹೇಳಿದ್ದೇ ತಡ, ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿಬಿಟ್ಟಳು: “ಇವ್ಳು ಬರಲ್ಲ ಕಣ್ರೀ. ಆ ವಾರ ಪರೀಕ್ಷೆ ಐತೆ.”