ಮಹಾದೇವಿಯ ಚೀಲ ಮತ್ತು ಹಸಿರು ಅಂಕಿ

ಮೂರು ವರ್ಷಗಳ ಹಿಂದೆ ನಾನು ಉಮರ್ಗಾ ಸಮೀಪದ ಖಾಸಗಿ ರನ್‌ವೇಯೊಂದರಲ್ಲಿ ಏವಿಯಾನಿಕ್ಸ್ ಎಂಜಿನಿಯರ್ ಆಗಿದ್ದೆ. ಎಂದರೆ ವಿಮಾನದ ವಿದ್ಯುನ್ಮಾನ ಉಪಕರಣಗಳ ಜವಾಬ್ದಾರಿ ನನ್ನದು. ಹಗ್ಗ ಕಂಡರೂ ಹಾವೆಂದು ದೂರ ನಿಲ್ಲುವ ಸ್ವಭಾವ ನನ್ನದು.

ಹೊಲಗಳ ಫೋಟೋ ತೆಗೆಯುವ ಪುಟ್ಟ ವಿಮಾನಕ್ಕೆ ಹೊಸದಾಗಿ ಹೆಡ್-ಅಪ್ ಡಿಸ್‌ಪ್ಲೇ ಹಾಕಿಸಿದ್ದರು. ಪೈಲಟ್ ತಲೆ ತಗ್ಗಿಸದೆ ಕಣ್ಣೆದುರಿನ ಗಾಜಿನ ಮೇಲೆಯೇ ವೇಗ, ಎತ್ತರ, ದಿಕ್ಕುಗಳನ್ನು ಹಸಿರು ಅಂಕಿಗಳಲ್ಲಿ ಓದಬಹುದು. ಭೂಮಿಯ ಕಾಂತಕ್ಷೇತ್ರವನ್ನು ಅಳೆದು ದಿಕ್ಕು ತಿಳಿಸುವ ಮ್ಯಾಗ್ನೆಟೋಮೀಟರ್ ಲಗೇಜು ಇಡುವ ಜಾಗದ ಹಿಂದೆಯೇ ಇತ್ತು.

ನಮ್ಮ ಪೈಲಟ್ ಸಾಸ್ತೂರಿನ ಮಹಾದೇವಿ. ದಿನವೂ ದಾರಿ ತೋರಿಸುವ ಜಿಪಿಎಸ್ ರಿಪೇರಿಗೆ ಹೋಗಿದ್ದ ಒಂದು ಮಬ್ಬು ಬೆಳಿಗ್ಗೆ ನಿಲಂಗಾಕ್ಕೆ ಹೊರಟವಳು ಉದಗೀರದ ದಾರಿ ಹಿಡಿದಿದ್ದಳು. ಅನುಮಾನ ಬಂದು ಕಣ್ಣೆದುರಿಗಿದ್ದ ಹಳೆಯ ಕಂಪಾಸ್ ನೋಡಿ ತಿರುಗಿ ಬಂದಳು. "ಅಂಕಿನೇ ತಪ್ಪ ತೋರಸ್ಲತ್ತಿತ್ರಿ" ಎಂದಳು. ನಾನು ಪರೀಕ್ಷಿಸಿದಾಗ ಅಂಕಿ ಸರಿಯಾಗಿಯೇ ಇತ್ತು.

ವಿಮಾನದ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. "ಮಶೀನ್ ಬರೋಬ್ಬರಿ ಅದ ಅಂದ್ರ ಆಕಿನೇ ಖೋಟಾ ಹೇಳ್ಲತ್ತಾಳ. ತಪ್ಪು ಆಕಿದೇ ಅಂತ ನೀವು ಬರದು ಕೊಡ್ರಿ, ಬ್ಯಾರೆ ಪೈಲಟ್ ತರ್ತೀನಿ."

ನನಗೂ ಅದೇ ಗುಮಾನಿ. ತನ್ನ ತಪ್ಪನ್ನು ಯಂತ್ರದ ತಲೆಗೆ ಕಟ್ಟುತ್ತಿದ್ದಾಳೆ ಎಂದುಕೊಂಡೆ. ಆದರೆ ನನಗೆ ಮಾಲೀಕರ ಅವಸರದ ಮೇಲೂ ಗುಮಾನಿ. "ಅವತ್ತು ಮಾಡಿದ್ದನ್ನೇ ನನ್ನ ಕಣ್ಣೆದುರು ಮಾಡಿ ತೋರಿಸು" ಎಂದು ಮಹಾದೇವಿಗೆ ಹೇಳಿ ನಾನು ಕಾಕ್‌ಪಿಟ್‌ನಲ್ಲಿ ಕೂತೆ.

ಆಕೆ ಮುಖ ಗಂಟಿಕ್ಕಿಕೊಂಡೇ ತನ್ನ ಚೀಲವನ್ನು ಹಿಂದಿನ ಲಗೇಜು ಜಾಗದಲ್ಲಿ ಇಟ್ಟಳು. ಗಾಜಿನ ಮೇಲಿನ ದಿಕ್ಕಿನ ಅಂಕಿ ಜಾರಿತು. ತೆಗೆಸಿದೆ, ಸರಿಯಾಯಿತು. ಮತ್ತೆ ಇಡಿಸಿದೆ, ಮತ್ತೆ ಜಾರಿತು.

"ಏನು ಬಚ್ಚಿಟ್ಟಿದ್ದೀಯ?" ಎಂದು ಗದರಿದೆ.

"ತಗದು ನೋಡ್ರಿ!" ಎಂದು ಚೀಲವನ್ನು ನನ್ನ ಮಡಿಲಿಗೆ ಎಸೆದಳು.

ತಳದ ಹೊಲಿಗೆ ಬಿಚ್ಚಿದಾಗ ತುಕ್ಕು ಹಿಡಿದ ಕುದುರೆ ಲಾಳ ಸಿಕ್ಕಿತು. ಮ್ಯಾಗ್ನೆಟೋಮೀಟರಿನ ದಿಕ್ಕು ಕೆಡಿಸಿದ್ದು ಆ ಕಬ್ಬಿಣವೇ. ನನಗಿಂತ ಆಕೆಯೇ ಹೆಚ್ಚು ಬೆಚ್ಚಿದಳು. ತಕ್ಷಣ ತಾಯಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಹೌದ್ರಿ ಸಾಹೇಬ್ರ, ನಾನೇ ಹೊಲದೀನಿ" ಎಂದರು ತಾಯಿ. "ತೊಂಬತ್ಮೂರರ ಭೂಕಂಪದಾಗ ಮನಿ ಗ್ವಾಡಿ ಎಲ್ಲಾ ಬಿದ್ದವು. ಆ ನಾಲ ಹೊಡದಿದ್ದ ಚೌಕಟ್ಟ ಒಂದೇ ನಿಂತಿತ್ತು. ಅದರ ಬುಡಕ ನಾ ಉಳದೀನಿ. ಮುಗಲಾಗ ಹೋಗೋ ಮಗಳಿಗಿ ಮತ್ತೇನ ಕೊಡ್ಲಿ?"

ಮಾಲೀಕರಿಗೆ ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟೆ. ಆಕೆಯ ಕೆಲಸ ಉಳಿಯಿತು. ಲಾಳವನ್ನು ವಿಮಾನದಿಂದ ದೂರ, ಹ್ಯಾಂಗರಿನ ಬಾಗಿಲಿಗೆ ನಾನೇ ಮೊಳೆ ಹೊಡೆದು ಕೂರಿಸಿದೆ. ಮಹಾದೇವಿ ಅದನ್ನು ಮುಟ್ಟಿಯೇ ವಿಮಾನ ಹತ್ತುತ್ತಿದ್ದಳು.

ಸಂಶಯ ನನ್ನನ್ನು ಬಿಟ್ಟಿಲ್ಲ, ಬಿಡುವುದೂ ಬೇಡ. ಆದರೆ ಉಪಕರಣ ಒಂದು ಹೇಳಿ ಪೈಲಟ್ ಇನ್ನೊಂದು ಹೇಳಿದರೆ, ಯಾರ ಮಾತು ಸುಳ್ಳು ಎಂದು ಈಗ ಮೊದಲೇ ಹುಡುಕುವುದಿಲ್ಲ. "ಹೊರಡುವಾಗ ಮನೆಯವರು ಏನು ಕಟ್ಟಿ ಕೊಟ್ಟರು?" ಎಂದು ಕೇಳುತ್ತೇನೆ.