ತಲೆಯ ಮೇಲಿಟ್ಟ ಕೈ

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಅದು ಉಲ್ಟಾ. ಗದಗಿನಲ್ಲಿ ನಾನು ಹೌಸ್ ಸರ್ಜನ್ ಆದದ್ದೇ ತಡ, ರಜೆಗೆ ಬಂದರೆ ಚಹಾ ಕುಡಿಯುವುದರೊಳಗೆ ಮಂದಿ ಕೈ ಚಾಚಿ ನಾಡಿ ನೋಡು ಎನ್ನುತ್ತಿದ್ದರು. ಎಮ್ಮೆ ಹಾಲು ಕಡಿಮೆ ಕೊಟ್ಟರೂ ನನ್ನನ್ನೇ ಕೇಳುವುದು. ನನಗೂ ಅದು ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ.

ನನಗೆ ಚಿಕ್ಕಮ್ಮನಂತಿದ್ದ ಎದುರುಮನೆಯ ಚಿಗವ್ವ ಮಾತ್ರ ಏನೂ ಕೇಳಿದವಳಲ್ಲ. ಚಿಕ್ಕಂದಿನಲ್ಲಿ ನನಗೆ ಹೆರಳು ಹಾಕಿ ಶಾಲೆಗೆ ಕಳಿಸಿದವಳು. ಯುಗಾದಿ ಮುಗಿದ ಮೇಲೊಂದು ಮಧ್ಯಾಹ್ನ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಹಾಕಿ, ಕುಪ್ಪಸದ ಗುಂಡಿ ಬಿಚ್ಚಿದಳು. ಎದೆಯಲ್ಲಿ ಗಂಟು. ಕಲ್ಲಿನಷ್ಟು ಗಟ್ಟಿ, ಒತ್ತಿದರೆ ಸರಿಯುತ್ತಿರಲಿಲ್ಲ. ಕಂಕುಳಲ್ಲಿ ಇನ್ನೊಂದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆಲ್ಲ ನನ್ನ ಬೆರಳ ಕೆಳಗೇ ಇತ್ತು. ನಾಳೆಯೇ ಗದಗಿಗೆ ಹೋಗೋಣ ಎಂದೆ.

ಅವಳ ಮಗಳಿಗೆ ಶಿರಹಟ್ಟಿಯ ಮನೆತನವೊಂದರಲ್ಲಿ ಮದುವೆ ಗೊತ್ತಾಗಿತ್ತು. ತಾಯಿಗೆ ಇಂಥ ರೋಗ ಅಂತ ಖಬರು ಹತ್ತಿದರೆ ಅವರು ಹಿಂದೆ ಸರಿಯುತ್ತಾರೆ ಎಂಬುದೇ ಅವಳ ಭಯ.

"ಮದುವಿ ಒಂದ ಮುಗೀಲಿ, ಎಲ್ಲಿಗೆ ಕರದ್ರೂ ಬರ್ತೀನಿ. ಅಲ್ಲೀತನಕ ನಿಮ್ಮ ಕಾಕಾಗೂ ಹೇಳಬ್ಯಾಡ," ಎಂದು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಕಾಕಾ ಎಂದರೆ ಅವಳ ಗಂಡ.

ರೋಗಿಯ ಗುಟ್ಟು ಕಾಯುತ್ತೇನೆ ಎಂದು ಕಾಲೇಜಿನಲ್ಲಿ ಸಾಲಾಗಿ ನಿಂತು ಪ್ರತಿಜ್ಞೆ ಮಾಡುವಾಗ ನನ್ನ ಲಕ್ಷ್ಯ ಊಟದ ಕಡೆ ಇತ್ತು. ಈಗ ಅದೇ ಮಾತು ನನ್ನನ್ನು ಕಟ್ಟಿಹಾಕಿತು. ಹೆಸರು ಹೇಳದೆ ನಮ್ಮ ಸರ್ಜರಿ ಮೇಡಂ ಅವರನ್ನು ಕೇಳಿದೆ. ಒಪ್ಪುವುದು ಬಿಡುವುದು ಅವಳ ಹಕ್ಕು, ಒಪ್ಪಿಸುವುದು ನಿನ್ನ ಕೆಲಸ, ತಡಮಾಡಬೇಡ ಎಂದರು. ಚಿಗವ್ವನನ್ನು ಬೇಡಿಕೊಂಡೆ, ಗದರಿದೆ, ಫೋನಿನಲ್ಲಿ ಅತ್ತೂ ನೋಡಿದೆ. ಯಾರಿಗೂ ತಿಳಿಯದಂತೆ ಹುಬ್ಬಳ್ಳಿಗೆ ಹೋಗೋಣ ಎಂದರೆ, ಅಲ್ಲಿಯೂ ಬೀಗರ ಕಡೆಯವರು ಇದ್ದಾರಂತೆ. ಸಿಟ್ಟಿನಿಂದ ಫೋನು ಇಟ್ಟುಬಿಡುತ್ತಿದ್ದೆ. ಕೊನೆಗೆ ಅವಳಂತೆ ನಾನೂ ಮದುವೆಯ ದಿನಕ್ಕಾಗಿ ಕಾಯತೊಡಗಿದೆ.

ಮದುವೆ ಹತ್ತಿರ ಬಂದಾಗ ಗಂಡಿನ ಅಜ್ಜ ತೀರಿಕೊಂಡರು. ವರ್ಷದವರೆಗೆ ಮನೆಯಲ್ಲಿ ಶುಭಕಾರ್ಯ ಇಲ್ಲ ಎಂದು ಅವರ ಹಿರಿಯರು ಹೇಳಿ ಕಳಿಸಿದರು. ನಾನು ಮರುದಿನವೇ ಊರಿಗೆ ಓಡಿದೆ. ಚಿಗವ್ವ ಮಗಳ ಹೊಸ ಸೀರೆಗಳನ್ನು ಮಡಚಿ ಟ್ರಂಕಿನಲ್ಲಿ ಇಡುತ್ತಿದ್ದಳು. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ದನಿ ತಗ್ಗಿಸಿದಳು.

"ಖರೆ ಹೇಳವ್ವಾ, ಇನ್ನೊಂದು ವರ್ಷ ತಡೀತೈತೇನು ಇದು?"

ತಡೆಯುವುದಿಲ್ಲ ಎಂದೆ. ಅವಳು ಟ್ರಂಕು ಮುಚ್ಚಿ, ಹೊರಗೆ ಕಾಕಾ ಇದ್ದಾರೇನೋ ಎಂದು ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಮತ್ತೆ ತನ್ನ ತಲೆಯ ಮೇಲೆ ಇಟ್ಟುಕೊಂಡಳು.