ಸೀಲ್‌ಗೆ ಸಿಕ್ಕ ಪರ್ಮಿಟ್

ಅಂಟಾರ್ಕ್ಟಿಕಾದ ಸೀಲ್ ಎಂಬ ಕಡಲಪ್ರಾಣಿಯ ಮೇಲೆ ಸಂಶೋಧನೆ ಮಾಡಲು ನಾನು ಆಸ್ಟಿನ್‌ನಿಂದ ಅರ್ಜಿ ಹಾಕಿ ತಿಂಗಳುಗಳೇ ಕಳೆದಿದ್ದವು. ಪರ್ಮಿಟ್ ಇಲ್ಲದೆ ಅದರ ಹತ್ತಿರ ಸುಳಿಯುವಂತೆಯೂ ಇಲ್ಲ. ಎಷ್ಟು ಮರಿಗಳನ್ನು ತೂಗುತ್ತೀರಿ, ಅವಕ್ಕೆ ಎಷ್ಟು ಹೊತ್ತು ತೊಂದರೆಯಾಗುತ್ತದೆ ಎಂಬ ಪ್ರಶ್ನೆಗಳಿಗೆ ಮೂರು ಸಲ ಉತ್ತರ ತಿದ್ದಿ ಕಳಿಸಿದ್ದೆ.

ಒಂದು ಶುಕ್ರವಾರ ಸಂಜೆ ಅಕ್ಕನ ಊರಾದ ಇರ್ವಿಂಗ್‌ನ ಇಂಡಿಯನ್ ಅಂಗಡಿಯಲ್ಲಿ ಅವಳ ಜೊತೆ ಕರಿಬೇವು ಆರಿಸುತ್ತಿದ್ದಾಗ ಫೋನಿಗೆ ಇಮೇಲ್ ಬಂತು. ಅರ್ಜಿ ಮಂಜೂರಾಗಿತ್ತು! ನಾನು ಕಿರುಚಿದ ರಭಸಕ್ಕೆ ಕೌಂಟರಿನಲ್ಲಿದ್ದ ಕನ್ನಡದ ಆಂಟಿ ಓಡಿ ಬಂದರು.

"ಗ್ರೀನ್ ಕಾರ್ಡ್ ಬಂತೇನಮ್ಮಾ?"

"ಇಲ್ಲ ಆಂಟಿ, ಸೀಲ್‌ಗೆ ಪರ್ಮಿಟ್ ಸಿಕ್ತು!"

"ಪರ್ಮಿಟ್‌ಗೆ ಸೀಲ್ ಹಾಕಿ ಕೊಟ್ರಾ?"

ಅಕ್ಕನಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು. ನಾನು ಅಲ್ಲೇ, ಸೋನಾ ಮಸೂರಿ ಮೂಟೆಗಳ ಪಕ್ಕ ನೆಲಕ್ಕೆ ಬಿದ್ದು, ಸೀಲ್ ಹೇಗೆ ಹೊಟ್ಟೆಯ ಮೇಲೆ ತೆವಳುತ್ತದೆಂದು ಆಂಟಿಗೆ ಮಾಡಿ ತೋರಿಸಿದೆ. ಟ್ರಾಲಿ ತಳ್ಳುತ್ತಿದ್ದವರೆಲ್ಲ ನಿಂತು ಚಪ್ಪಾಳೆ ತಟ್ಟಿದರು. ಆಂಟಿ ಮೈಸೂರು ಪಾಕಿನ ಡಬ್ಬಿಯೊಂದನ್ನು ನನ್ನ ಕೈಗಿಟ್ಟು, "ಅಲ್ಲಿ ತುಂಬಾ ಚಳಿಯಂತೆ, ಕಿವಿ ಮುಚ್ಕೊಂಡು ಓಡಾಡು" ಎಂದರು.

ಆ ನವೆಂಬರಿನಲ್ಲಿ, ಅಂಟಾರ್ಕ್ಟಿಕಾದ ಹಿಮದ ಮೇಲೆ ಮಲಗಿದ್ದ ಮೊದಲ ಮರಿ ನನ್ನನ್ನು ನೋಡಿ ಬಾಯಿ ಅಗಲಿಸಿ ಆಕಳಿಸಿತು. ಅದಕ್ಕೆ ತೊಂದರೆಯಾಗಬಾರದಲ್ಲ, ನಾನು ಮೂರು ಕೋಟುಗಳೊಳಗೆ ಸದ್ದಿಲ್ಲದೆ ಕುಣಿದೆ.